ಮಟ್ಟಿಯ ಮಡಿ

ಪತಂಜಲಿಯ ಯೋಗಸೂತ್ರಗಳ ಸಾಧನಪಾದದಲ್ಲಿ, ಐದು ನಿಯಮಗಳ ಪೈಕಿ ಮೊದಲನೆಯದಾದ ಶೌಚದ ಫಲವನ್ನು ಹೇಳುವ 40ನೆಯ ಸೂತ್ರವು, ಸ್ನಾನ ಶುಚಿತ್ವಗಳನ್ನು ಸಾಧಾರಣ ಸದಾಚಾರವೆಂದು ಭಾವಿಸಿಕೊಂಡು ಬಂದಿರುವ ನಮ್ಮಂಥವರನ್ನು ತಡೆದು ನಿಲ್ಲಿಸುವಂಥದು. ಶೌಚದಲ್ಲಿ ನೆಲೆಗೊಂಡ ಸಾಧಕನಿಗೆ ಮೊದಲು ಸ್ವಂತ ಅಂಗಗಳ ವಿಷಯದಲ್ಲಿಯೇ ಜುಗುಪ್ಸೆಯುಂಟಾಗುವುದೆಂದೂ, ಎಷ್ಟು ತೊಳೆದರೂ ಮರಳಿ ಮಲಿನವಾಗುವ ದೇಹದ ಸ್ವಭಾವವನ್ನು ಹೀಗೆ ಕಂಡುಕೊಂಡವನು ಪರರ ದೇಹದ ಸಂಸರ್ಗವನ್ನು ತಾನಾಗಿಯೇ ತೊರೆಯುವನೆಂದೂ ಸೂತ್ರಭಾಷ್ಯಗಳ ತಾತ್ಪರ್ಯ. ಏಕಾಂತದಲ್ಲಿ ಆಸನ ಬಲಿದು ಕುಳಿತವನಿಗೆ ಈ ಮಾತು ಒಪ್ಪುವುದು. ಅದಕ್ಕೆ ಎದುರಾಡುವ ಅಧಿಕಾರ ನನಗಿಲ್ಲ. ಆದರೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಲಂಗೋಟಿ ಬಿಗಿದು, ಇನ್ನೊಬ್ಬನ ಕೊರಳಿಗೆ ಕೈಹಾಕಿ, ಅವನ ಬೆವರಿನೊಡನೆ ತನ್ನ ಬೆವರನ್ನು ಬೆರೆಸುವ ಗರಡಿಯಾಳಿಗೂ ಶೌಚವೇ ಮೊದಲನೆಯ ಕಟ್ಟಳೆಯಾಗಿದೆಯಲ್ಲ, ಅದರ ಗತಿಯೇನು? ಒಂದೇ ಹೆಸರಿನ ನಿಯಮವು ಯೋಗಿಯನ್ನು ಪರಸ್ಪರ್ಶದಿಂದ ಬಿಡಿಸುತ್ತದೆ, ಪೈಲ್ವಾನನನ್ನು ಪರಸ್ಪರ್ಶಕ್ಕೆ ಅರ್ಹನನ್ನಾಗಿ ಮಾಡುತ್ತದೆ. ಎರಡನೆಯದನ್ನು ಆರೋಗ್ಯದ ಮುನ್ನೆಚ್ಚರಿಕೆಯೆಂದು ತಳ್ಳಿಬಿಡಬೇಕೇ, ಇಲ್ಲವೆ ಧರ್ಮದ ಪಂಕ್ತಿಯಲ್ಲಿ ಅದಕ್ಕೂ ಒಂದು ಮಣೆ ಹಾಕಬೇಕೇ ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತು ಬಗೆಹರಿಸುವುದಕ್ಕಿಂತ ನಮ್ಮ ಸೀಮೆಯ ಗರಡಿಮನೆಗಳ ನಡವಳಿಕೆಯನ್ನು ನೋಡಿ ಬಗೆಹರಿಸುವುದು ಲೇಸು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೆಂಬ ಈ ನಾಲ್ಕು ತಾಲ್ಲೂಕುಗಳ ಪ್ರದೇಶವು ಪಾಳೆಯಗಾರರ ಕಾಲದಿಂದ ಕೋಟೆ ಪೇಟೆಗಳ ನಾಡು. ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡನು ದೇವನಹಳ್ಳಿಯಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯು ಹೈದರ್ ಟಿಪ್ಪುಗಳ ಕಾಲಕ್ಕೆ ಕಲ್ಲಿನದಾಯಿತು; ಕೋಟೆಯಿದ್ದ ಕಡೆ ಕಾಲಾಳುಗಳಿದ್ದರು, ಕಾಲಾಳುಗಳಿದ್ದ ಕಡೆ ಸಾಮು ಕಸರತ್ತುಗಳಿಗೆ ಎಡೆಯಿರಲೇಬೇಕಾಗಿತ್ತು. ಕೋಟೆಗಳ ಕೆಲಸ ಮುಗಿದ ಮೇಲೂ ಗರಡಿಯ ಕೆಲಸ ಮುಗಿಯಲಿಲ್ಲ. ಹಬ್ಬ ಜಾತ್ರೆಗಳ ಕುಸ್ತಿಗಾಗಿ ಆಳುಗಳು ಸಿದ್ಧರಾಗಬೇಕಿತ್ತು. ಬೆಳಗಿನಿಂದ ಬೈಗಿನವರೆಗೆ ಮಗ್ಗದ ಮುಂದೆ ಕುಳಿತು ಸೊಂಟ ಹಿಡಿಸಿಕೊಳ್ಳುವ ದೊಡ್ಡಬಳ್ಳಾಪುರದಂಥ ಊರಿನ ನೇಕಾರನಿಗಂತೂ ದಂಡ ಬಸ್ಕಿಗಳು ಕುಸ್ತಿಗಿಂತ ಹೆಚ್ಚಾಗಿ ಔಷಧವಾಗಿ ಒದಗಿರಬೇಕು. ಹಳೆಯ ಪೇಟೆಯುಳ್ಳ ಊರುಗಳಲ್ಲಿ ಗರಡಿಯೇ ಇಲ್ಲದುದು ವಿರಳ. ತಗ್ಗಾದ ಬಾಗಿಲು, ಮಂದವಾದ ಬೆಳಕು, ಗೋಡೆಯಲ್ಲಿ ಆಂಜನೇಯನ ಮೂರ್ತಿಯೋ ಪಟವೋ, ಮೂಲೆಯಲ್ಲಿ ಗದೆಗಳು, ನಡುವೆ ಮಣ್ಣಿನ ಮಟ್ಟಿ. ಇಷ್ಟೇ ಅದರ ಸಂಪತ್ತು.

ಆ ಬಾಗಿಲನ್ನು ದಾಟುವವನಿಗೆ ಕಟ್ಟಳೆಗಳು ಬಾಗಿಲಿನಿಂದಲೇ ಮೊದಲಾಗುತ್ತವೆ. ಮೆಟ್ಟು ಹೊರಗುಳಿಯಬೇಕು. ಮೈತೊಳೆಯದೆ, ಬಾಯಿ ಮುಕ್ಕಳಿಸದೆ, ಎಲೆಯಡಿಕೆ ಹೊಗೆಸೊಪ್ಪುಗಳನ್ನು ಬಾಯಲ್ಲಿಟ್ಟುಕೊಂಡು ಒಳಕ್ಕೆ ಬರಕೂಡದು. ಉಗುರು ಬೆಳೆದಿರಬಾರದು. ನಿನ್ನೆ ಬೆವರಿದ ಲಂಗೋಟಿಯನ್ನು ಒಗೆಯದೆ ಇಂದು ಕಟ್ಟತಕ್ಕದ್ದಲ್ಲ. ಒಳಗೆ ಉಗುಳುವುದು, ಹೊಲಸು ಮಾತನಾಡುವುದು, ಕಾಲು ಚಾಚಿ ಕುಳಿತು ಹರಟುವುದು, ನೆಲದ ಮೇಲಿಟ್ಟ ಗದೆಯನ್ನು ದಾಟುವುದು ಇವೆಲ್ಲ ನಿಷಿದ್ಧ. ಹೊಸದಾಗಿ ಸೇರುವವನು ತೆಂಗಿನಕಾಯಿ, ವೀಳ್ಯ, ಹಣ್ಣುಗಳನ್ನಿಟ್ಟು ಉಸ್ತಾದರ ಪಾದ ಮುಟ್ಟಿ ಅನುಮತಿ ಪಡೆಯುತ್ತಾನೆ. ಅಂದಿನಿಂದ ಅವನಿಗೆ ಮೊದಲು ದೊರೆಯುವ ವಿದ್ಯೆ ಪಟ್ಟುಗಳಲ್ಲ, ಮಟ್ಟಿಯನ್ನು ಅಗೆದು ಹದಮಾಡಿ ಸಮಗೊಳಿಸುವುದು ಮತ್ತು ಹಿರಿಯರ ಮೈ ಉಜ್ಜುವುದು. ಈ ಊಳಿಗವನ್ನು ದಾಸ್ಯವೆಂದು ಹಳಿಯುವವರುಂಟು. ಕೆಲವು ಕಡೆ ಅದು ದಾಸ್ಯಕ್ಕೆ ಇಳಿದದ್ದೂ ಸುಳ್ಳಲ್ಲ. ಆದರೂ ಇನ್ನೊಬ್ಬನ ಮೈಯ ನರ, ಕೀಲು, ನೋವುಗಳನ್ನು ಕೈಬೆರಳುಗಳಿಂದ ಅರಿತವನು ಮುಂದೆ ಅದೇ ಕೀಲನ್ನು ಮುರಿಯುವ ಪಟ್ಟು ಹಾಕುವಾಗ ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲನು. ಆ ತಿಳಿವಳಿಕೆಯನ್ನು ಬಾಯುಪದೇಶದಿಂದ ಕಲಿಸಬಲ್ಲ ಗುರುವನ್ನು ನಾನು ಕೇಳಿಲ್ಲ.

ಮಟ್ಟಿಯ ಮಣ್ಣಿಗಾದರೋ ದೇವರ ಮೂರ್ತಿಗೆ ಸಲ್ಲುವಷ್ಟೇ ಉಪಚಾರ ಸಲ್ಲುತ್ತದೆ. ಕೆಮ್ಮಣ್ಣನ್ನು ತಂದು, ಕಲ್ಲು ಬೇರುಗಳಿಲ್ಲದಂತೆ ಜರಡಿಹಿಡಿದು, ಅದಕ್ಕೆ ಎಣ್ಣೆ, ತುಪ್ಪ, ಅರಿಸಿನ, ಕುಂಕುಮ, ಕರ್ಪೂರ, ನಿಂಬೆಯ ರಸಗಳನ್ನು ಊರೂರಿನ ವಾಡಿಕೆಯಂತೆ ಬೆರೆಸಿ, ನೀರು ಚಿಮುಕಿಸಿ, ದಿನದಿನವೂ ಮಗುಚಿ ಹಾಕುತ್ತಾರೆ. ಪರ್ವದಿನಗಳಲ್ಲಿ ಮಣ್ಣನ್ನು ಗುಡ್ಡೆಯಾಗಿ ಒಟ್ಟಿ, ಹೂವೇರಿಸಿ, ಮಟ್ಟಿಪೂಜೆ ಮಾಡುತ್ತಾರೆ. ಆಯುಧಪೂಜೆಯಂದು ಗದೆಗಳಿಗೂ ಕುಂಕುಮವಿಡುತ್ತಾರೆ. ಇಲ್ಲಿ ಶುದ್ಧಿಯಾವುದು, ಪೂಜೆಯಾವುದು ಎಂದು ಗೆರೆಯೆಳೆಯಹೊರಟವನು ಸೋಲುವನು. ಅರಿಸಿನವು ಕ್ರಿಮಿಗಳನ್ನು ತಡೆಯುವುದೆಂದು ವೈದ್ಯನು ಹೇಳಿಯಾನು, ಮಂಗಳದ್ರವ್ಯವೆಂದು ಪುರೋಹಿತನು ಹೇಳಿಯಾನು. ಅದನ್ನು ಹಿಡಿತುಂಬ ಮಣ್ಣಿಗೆ ಎರಚುವ ಹುಡುಗನಾದರೋ ತನ್ನ ಜೊತೆಯವನ ಮುಖ ಅದೇ ಮಣ್ಣಿಗೆ ಒತ್ತಲ್ಪಡುವುದೆಂಬುದನ್ನು ಬಲ್ಲನು, ನಾಳೆ ತನ್ನ ಮುಖವೂ ಒತ್ತಲ್ಪಡುವುದೆಂಬುದನ್ನೂ ಬಲ್ಲನು.

ಈಗ ಗರಡಿಯ ಈ ಶುದ್ಧಿಯನ್ನು ನಮ್ಮ ಮನೆಗಳಲ್ಲಿ ಪ್ರಸಿದ್ಧವಾದ ಮಡಿಯ ಪಕ್ಕದಲ್ಲಿಟ್ಟು ನೋಡೋಣ. ಮನೆಯ ಮಡಿಯಲ್ಲಿ ಸ್ನಾನಮಾಡಿ ಒದ್ದೆಬಟ್ಟೆಯುಟ್ಟವರು ಅಡಿಗೆ ಪೂಜೆಗಳು ಮುಗಿಯುವ ತನಕ ಯಾರನ್ನೂ ಮುಟ್ಟರು. ಮುಟ್ಟಿದೊಡನೆ ಮಡಿ ಕೆಟ್ಟಿತು. ಅಂದರೆ ಅಲ್ಲಿ ಅಶುದ್ಧಿಯ ಮೂಲವು ಪರನ ದೇಹದಲ್ಲಿದೆ, ನನ್ನ ಶುದ್ಧಿಯು ಅವನಿಗೂ ನನಗೂ ನಡುವಣ ಅಂತರದಲ್ಲಿದೆ. ಗರಡಿಯ ಮಡಿಯು ಸ್ಪರ್ಶದಿಂದ ಕೆಡಲಾರದು, ಸ್ಪರ್ಶಕ್ಕಾಗಿಯೇ ಅದು ಹುಟ್ಟಿಕೊಂಡದ್ದು. ಅಲ್ಲಿ ಅಶುದ್ಧಿಯ ಮೂಲವನ್ನು ಪ್ರತಿಯೊಬ್ಬನೂ ಮೊದಲು ತನ್ನಲ್ಲಿಯೇ ಹುಡುಕಿಕೊಳ್ಳಬೇಕು: ನನ್ನ ಉಗುರು, ನನ್ನ ಬೆವರು, ನಾನು ಮುಚ್ಚಿಟ್ಟುಕೊಂಡಿರುವ ಹುಣ್ಣು. ಪತಂಜಲಿಯು ಹೇಳಿದ ಸ್ವದೇಹದ ಜುಗುಪ್ಸೆಯು ಇಲ್ಲಿಯೂ ಉಂಟೆಂದು ಬೇಕಾದರೆ ಹೇಳಬಹುದು, ಆದರೆ ಅದು ಇನ್ನೊಬ್ಬನ ವಿಷಯದ ಕಾಳಜಿಯಾಗಿ ಪರಿಣಮಿಸಿ ನಿಲ್ಲುತ್ತದೆ. ಯೋಗಶಾಸ್ತ್ರವು ಅಹಿಂಸೆ ಸತ್ಯಗಳನ್ನು ಯಮಗಳಲ್ಲಿಯೂ ಶೌಚವನ್ನು ನಿಯಮಗಳಲ್ಲಿಯೂ ಎಣಿಸಿ ಬೇರೆಬೇರೆಯಾಗಿ ಇರಿಸಿತು. ಗರಡಿಯಲ್ಲಿ ಅವು ಬೇರೆಯಾಗಿ ಉಳಿಯಲಾರವು. ಕತ್ತರಿಸದ ಉಗುರು ಅಲ್ಲಿ ಹಿಂಸೆ. ಗಜಕರ್ಣವಿದ್ದೂ ಇಲ್ಲವೆಂದು ಮಟ್ಟಿಗಿಳಿಯುವುದು ಅಸತ್ಯ. ಹನ್ನೆರಡನೆಯ ಶತಮಾನದ ಶಿವಶರಣರು ಹೊರಗಿನ ಶುದ್ಧಿಯನ್ನು ಒಳಗಿನ ನಡತೆಯ ಒರೆಗಲ್ಲಿಗೆ ಹಚ್ಚಿ ನೋಡಿದರಷ್ಟೆ. ಗರಡಿಯ ಶೌಚವು ಆ ಒರೆಗೆ ಅಂಜಬೇಕಾದುದಿಲ್ಲವೆಂದು ನನ್ನ ನಂಬಿಕೆ.

ಇದು ಭಾವುಕತೆಯ ಮಾತಲ್ಲವೆಂಬುದಕ್ಕೆ ಆಧುನಿಕ ವೈದ್ಯದ ಸಾಕ್ಷ್ಯವೂ ಉಂಟು. ಮೈಗೆ ಮೈ ತಿಕ್ಕುವ ಕ್ರೀಡೆಗಳಲ್ಲಿ ಹುಳುಕಡ್ಡಿ, ಕೀವುಗುಳ್ಳೆ, ಸರ್ಪಿಣಿಯ ಜಾತಿಯ ಬೊಬ್ಬೆಗಳು ಒಬ್ಬನಿಂದೊಬ್ಬನಿಗೆ ಬಹು ಶೀಘ್ರವಾಗಿ ಹರಡುವುವು. 1989ರಲ್ಲಿ ಅಮೆರಿಕದ ಮಿನೆಸೋಟ ಸೀಮೆಯಲ್ಲಿ ನಡೆದ ಕುಸ್ತಿಯ ಶಿಬಿರವೊಂದರಲ್ಲಿ 175 ಮಂದಿ ಹುಡುಗರ ಪೈಕಿ 60 ಮಂದಿಗೆ ಹರ್ಪಿಸ್ ವೈರಾಣುವಿನ ಚರ್ಮರೋಗ ತಗುಲಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅಂತರರಾಷ್ಟ್ರೀಯ ಕುಸ್ತಿಯ ನಿಯಮಗಳೂ ಹಾಗೆಯೇ ಇವೆ: ಸಾಂಕ್ರಾಮಿಕ ಚರ್ಮರೋಗವುಳ್ಳವನು ಸ್ಪರ್ಧೆಗಿಳಿಯಕೂಡದು, ಉಗುರು ತೀರ ಗಿಡ್ಡಗಿರಬೇಕು, ಮೈಗೆ ಜಿಡ್ಡು ಹಚ್ಚಿ ಬರಬಾರದು. ಜಗತ್ತಿನ ಕುಸ್ತಿಸಂಘವು ಅಚ್ಚುಹಾಕಿಸಿದ ನಿಯಮಗಳನ್ನೂ ಅಕ್ಷರವರಿಯದ ಉಸ್ತಾದನೊಬ್ಬನು ಗದರಿ ಹೇಳುವ ನಿಯಮಗಳನ್ನೂ ಹೋಲಿಸಿ ನೋಡಿದರೆ, ದೇವರ ಪಟವೊಂದನ್ನು ಬಿಟ್ಟು ಹೆಚ್ಚಿನ ವ್ಯತ್ಯಾಸ ಕಾಣದು. ಆದಕಾರಣ ದೇವರ ಪಟವು ಅನಾವಶ್ಯಕವೆಂದು ಯಾರಾದರೂ ತೀರ್ಮಾನಿಸಿದರೆ ನಾನು ಒಪ್ಪಲಾರೆ. ತಪಾಸಣೆಯ ವೈದ್ಯನು ಸ್ಪರ್ಧೆಯ ದಿನ ಮಾತ್ರ ಬರುವನು; ಉಳಿದ ದಿನಗಳಲ್ಲಿ, ನೋಡುವವರಿಲ್ಲದ ಮುಂಜಾವದಲ್ಲಿ, ಹುಡುಗನು ತನ್ನ ಹುಣ್ಣನ್ನು ತಾನೇ ಒಪ್ಪಿಕೊಂಡು ಮಟ್ಟಿಯಿಂದ ಹೊರಗೆ ನಿಲ್ಲಬೇಕಾದರೆ ಅವನ ಮನಸ್ಸಿನಲ್ಲಿ ಯಾವುದೋ ಒಂದು ಸಾಕ್ಷಿಪ್ರಜ್ಞೆಯಿರಬೇಕು. ಅದನ್ನು ಆಂಜನೇಯನೆಂದು ಕರೆಯುವ ಹಿಂದುವಿಗೂ, ಬೇರೆ ಹೆಸರಿನಿಂದ ನೆನೆದು ಅದೇ ಮಣ್ಣನ್ನು ಕಣ್ಣಿಗೊತ್ತಿಕೊಳ್ಳುವ ಮುಸಲ್ಮಾನನಿಗೂ ನಡುವೆ ನಮ್ಮ ಗರಡಿಗಳು ಬಹುಕಾಲ ಜಗಳ ಹುಟ್ಟಿಸಲಿಲ್ಲ.

ಶೌಚದಂತೆಯೇ ಗೌರವ. ಕುಸ್ತಿಗೆ ಮುನ್ನ ಜಟ್ಟಿಯು ಮಟ್ಟಿಯ ಮಣ್ಣನ್ನು ಮುಟ್ಟಿ ಹಣೆಗಿಟ್ಟು, ದೇವರಿಗೂ ಉಸ್ತಾದರಿಗೂ ಸಲಾಮು ಸಲ್ಲಿಸಿ, ಎದುರಾಳಿಯ ತೋಳಿಗೆ ಒಂದಿಷ್ಟು ಮಣ್ಣು ಹಚ್ಚಿ, ಕೈಗೆ ಕೈ ಮುಟ್ಟಿಸುತ್ತಾನೆ. ಬೆವರಿದ ತೋಳಿನಲ್ಲಿ ಹಿಡಿತ ಜಾರದಿರಲೆಂಬುದು ಮಣ್ಣು ಹಚ್ಚುವುದರ ಒಂದು ಪ್ರಯೋಜನ. ನಿನ್ನನ್ನು ಹಿಡಿಯಲಿರುವ ನಾನು ನಿನಗೂ ಹಿಡಿಯುವ ಅವಕಾಶ ಕೊಟ್ಟಿದ್ದೇನೆಂಬುದು ಅದರ ಇನ್ನೊಂದು ಅರ್ಥ. ಎದುರಾಳಿಯಿಲ್ಲದೆ ಈ ವಿದ್ಯೆಯೇ ಇಲ್ಲ. ಒಂಟಿಯಾಗಿ ಗದೆ ತಿರುಗಿಸಬಹುದು, ಸಾವಿರ ಬಸ್ಕಿ ಹೊಡೆಯಬಹುದು. ತನ್ನ ಶಕ್ತಿ ಎಷ್ಟೆಂಬುದು ಮಾತ್ರ ಇನ್ನೊಬ್ಬನು ತನ್ನ ದೇಹವನ್ನು ಒಡ್ಡಿದ ಹೊರತು ತಿಳಿಯದು. ಹಾಗೆ ಒಡ್ಡಿದವನಿಗೆ ಸಲ್ಲತಕ್ಕ ಕೃತಜ್ಞತೆಯೇ ಸಲಾಮು.

ಗೌರವದ ಅತ್ಯಂತ ಕಠಿಣವಾದ ಪರೀಕ್ಷೆಯಾದರೋ ಜೋಡಿ ಕಟ್ಟುವುದರಲ್ಲಿದೆ. ಸಮಬಲರನ್ನು ಎದುರೆದುರು ನಿಲ್ಲಿಸುವುದು ಉಸ್ತಾದರ ಧರ್ಮ. ನೋಡುವ ಜನರ ಹುಚ್ಚಿಗೆ ಸೋತು ಎಳೆಯನನ್ನು ಬಲಿಷ್ಠನ ಕೈಗೆ ಕೊಡುವುದು ಪಾಪ. ಭಾಗವತದ ದಶಮಸ್ಕಂಧದಲ್ಲಿ ಕಂಸನ ಮಲ್ಲರಂಗದ ಪ್ರಸಂಗವನ್ನು ಓದಿದವರು ಬಲ್ಲರು: ಚಾಣೂರ ಮುಷ್ಟಿಕರಂಥ ಪರ್ವತಾಕಾರರ ಎದುರಿಗೆ ಬಾಲಕರಾದ ಕೃಷ್ಣ ಬಲರಾಮರನ್ನು ನಿಲ್ಲಿಸಿದಾಗ, ಅಲ್ಲಿ ನೆರೆದಿದ್ದ ಸ್ತ್ರೀಯರು ಇದು ಅಧರ್ಮವೆಂದೂ, ಅಧರ್ಮವನ್ನು ಕಂಡು ಸುಮ್ಮನಿರುವ ಸಭೆಗೂ ದೋಷ ತಟ್ಟುವುದೆಂದೂ ಆಡಿಕೊಂಡರು. ಅಸಮಯುದ್ಧದ ಪಾಪವು ಹೋರುವವನಿಗೆ ಮಾತ್ರ ಅಂಟುವುದಿಲ್ಲ, ನೋಡಿ ಚಪ್ಪಾಳೆ ತಟ್ಟುವವನಿಗೂ ಅಂಟುತ್ತದೆಯೆಂಬ ಈ ವಿವೇಕವನ್ನು ಕವಿಯು ಪಂಡಿತರ ಬಾಯಲ್ಲಿ ಇಡದೆ ಪ್ರೇಕ್ಷಕ ಸ್ತ್ರೀಯರ ಬಾಯಲ್ಲಿ ಇಟ್ಟದ್ದು ಗಮನಿಸತಕ್ಕದ್ದು.

ಅಗೌರವದ ದೃಷ್ಟಾಂತವನ್ನೂ ನಮ್ಮ ಐತಿಹ್ಯವು ಉಳಿಸಿಕೊಂಡಿದೆ. 1638ರಿಂದ 1659ರ ವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿ ಹೋಗಿಬರುವವರೆಲ್ಲರೂ ಅದರ ಕೆಳಗೆ ನುಸುಳುವಂತೆ ಮಾಡಿದ್ದ ಗರ್ವಿಷ್ಠ ಜಟ್ಟಿಯೊಬ್ಬನನ್ನು ಸೋಲಿಸಿದರೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಆ ಜಟ್ಟಿಯ ಬಲವು ಕಥೆಗೆ ಮುಖ್ಯವಲ್ಲ. ಮೈಗಂಟಿದ ಬಟ್ಟೆಯನ್ನು ಪರರ ತಲೆಯ ಮೇಲೆ ತೂಗಹಾಕಿದನಲ್ಲ, ಆ ಅಶೌಚ ಅಗೌರವಗಳೆರಡೂ ಒಂದೇ ಕೃತ್ಯದಲ್ಲಿ ಕೂಡಿಕೊಂಡದ್ದೇ ಅವನ ಪತನಕ್ಕೆ ಸಾಕಾಯಿತು. ಅದೇ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಮನೆತನದವರು ತಲೆ ಬೋಳಿಸಿಕೊಂಡು, ದೇವಿಯನ್ನು ಪೂಜಿಸಿ ಬರುತ್ತಾರೆ. ಕೈಗೆ ಮೊನೆಯುಳ್ಳ ಮುಷ್ಟಿಯನ್ನು ತೊಟ್ಟ ಆ ಕಾಳಗವು ಒಬ್ಬನ ನೆತ್ತಿಯಲ್ಲಿ ರಕ್ತ ಕಾಣಿಸಿದೊಡನೆ ನಿಲ್ಲುತ್ತದೆ. ಕ್ರೂರವೆಂದು ಹೇಳುವವರಿಗೆ ನಾನು ಅಡ್ಡಬರುವುದಿಲ್ಲ. ಆದರೆ ಕ್ರೌರ್ಯಕ್ಕೆ ಒಂದು ತೊಟ್ಟು ರಕ್ತದ ಮೇರೆ ಕಟ್ಟಿ, ಆ ಮೇರೆಯನ್ನು ಗೆದ್ದವನೂ ಸೋತವನೂ ಒಟ್ಟಿಗೆ ಒಪ್ಪುವಂತೆ ಮಾಡಿದ್ದು ಸಾಮಾನ್ಯವಾದ ಸಂಸ್ಕಾರವಲ್ಲ.

ಎರಡು ಬಗೆಯ ಮಡಿಗಳು ಒಬ್ಬನೇ ವ್ಯಕ್ತಿಯಲ್ಲಿ ಸಂಧಿಸುವುದನ್ನು ನೋಡಬೇಕಾದರೆ ಕರಗದ ಕಾಲಕ್ಕೆ ಬರಬೇಕು. ಬೆಂಗಳೂರಿನ ಧರ್ಮರಾಯನ ಗುಡಿಯ ಕರಗವು ಚೈತ್ರದ ಹುಣ್ಣಿಮೆಯಂದು ಹೊರಡುವುದು ಲೋಕವಿದಿತ. ಹೊಸಕೋಟೆ ದೇವನಹಳ್ಳಿಗಳಲ್ಲಿಯೂ ಕರಗಗಳು ನಡೆಯುತ್ತವೆ. ತಿಗಳರ ಗರಡಿಗಳಿಗೂ ಕರಗದ ಕಾವಲಿಗೆ ಕತ್ತಿಹಿರಿದು ನಡೆಯುವ ವೀರಕುಮಾರರಿಗೂ ಹಳೆಯ ನಂಟು. ವ್ರತದ ದಿನಗಳಲ್ಲಿ ವೀರಕುಮಾರನ ಮಡಿಯು ಬೇರೆಯಾಗಿ ನಿಲ್ಲುವ ಮಡಿ. ಕರಗವನ್ನು ಹೊತ್ತವರ ಸುತ್ತ ಎಚ್ಚರದ ಅಂತರವೊಂದನ್ನು ಅವನ ಕತ್ತಿ ಕಾಯಬೇಕು. ವ್ರತ ಮುಗಿದು ಗರಡಿಗೆ ಬಂದರೆ ಅವನ ಮಡಿ ತಬ್ಬಿಕೊಳ್ಳುವ ಮಡಿ. ಎರಡನ್ನೂ ಅವನು ತೊಡಕಿಲ್ಲದೆ ನಡೆಸಿಕೊಂಡು ಹೋಗುತ್ತಾನೆ. ಬೆಂಗಳೂರಿನ ಕರಗವು ಆ ರಾತ್ರಿ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುವುದನ್ನು ನೆನೆದರೆ, ಅಂತರದ ಮಡಿಯೂ ಕೆಲವೊಮ್ಮೆ ತನ್ನ ಬಾಗಿಲನ್ನು ತಾನೇ ತೆರೆಯಬಲ್ಲುದೆಂದು ತೋರುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಆಕ್ಷೇಪಗಳನ್ನು ಮರೆಮಾಚಿದರೆ ನಾನೇ ಹುಣ್ಣು ಮುಚ್ಚಿಟ್ಟುಕೊಂಡು ಮಟ್ಟಿಗಿಳಿದಂತಾದೀತು. ಸ್ಪರ್ಶದ ಧರ್ಮವೆಂದು ನಾನು ಕರೆದ ಈ ವಿದ್ಯೆಯು ಯಾರ ಸ್ಪರ್ಶವನ್ನು ಒಪ್ಪಿಕೊಂಡಿತ್ತು? ಪೇಟೆಪೇಟೆಗೆ ಗರಡಿಯಿದ್ದಂತೆ ಎಷ್ಟೋ ಕಡೆ ಜಾತಿಜಾತಿಗೂ ಗರಡಿಯಿತ್ತು. ಊರ ಹೊರಗಿನ ಕೇರಿಯ ಹುಡುಗನ ತೋಳು ಎಷ್ಟು ಗಟ್ಟಿಯಾಗಿದ್ದರೂ ಊರೊಳಗಿನ ಮಟ್ಟಿಯ ಮಣ್ಣು ಅವನಿಗೆ ದಕ್ಕುವುದು ಸುಲಭವಾಗಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೆ ಸ್ಪರ್ಶವನ್ನೇ ನಿತ್ಯಕರ್ಮವಾಗಿ ಉಳ್ಳ ಗರಡಿಯು ಆ ಕೆಲಸವನ್ನು ಸಂವಿಧಾನಕ್ಕೆ ಮುಂಚೆಯೇ ಮಾಡಬಹುದಾಗಿತ್ತು, ಮಾಡಲಿಲ್ಲ. ಹೆಂಗಸರು ಹೊಸ್ತಿಲು ದಾಟಿದರೆ ಮಟ್ಟಿ ಮೈಲಿಗೆಯಾಯಿತೆಂಬ ನಂಬಿಕೆಯಲ್ಲಿ ಮನೆಯ ಅಂತರದ ಮಡಿಯೇ ವೇಷ ಬದಲಿಸಿ ಗರಡಿಯೊಳಕ್ಕೆ ನುಗ್ಗಿದೆ. ಗರಡಿಯ ಸ್ವಂತ ತತ್ತ್ವದಲ್ಲಿ ಅದಕ್ಕೆ ಆಧಾರವಿಲ್ಲ. ಇನ್ನು ತೋಳ್ಬಲವನ್ನು ಚುನಾವಣೆಯ ಕಾಲಕ್ಕೆ ಬಾಡಿಗೆಗೆ ಕೊಟ್ಟ ಗರಡಿಗಳ ಕಥೆಯನ್ನು ಬೆಂಗಳೂರಿನ ಸುತ್ತಮುತ್ತಲವರಿಗೆ ಹೇಳಬೇಕಾದ್ದಿಲ್ಲ. ಮಟ್ಟಿಯಲ್ಲಿ ಎದುರಾಳಿಗೆ ಮಣ್ಣು ಹಚ್ಚಿ ಕೈಮುಗಿದವನು ಬೀದಿಯಲ್ಲಿ ನಿರಾಯುಧನ ಮೇಲೆ ಕೈಮಾಡಿದರೆ, ಅವನು ಕಲಿತದ್ದು ಪಟ್ಟುಗಳನ್ನು ಮಾತ್ರ.

ಇತ್ತ ಕಾಲವು ಬೇರೊಂದು ದಿಕ್ಕಿಗೆ ಓಡುತ್ತಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ಹೊಲಗದ್ದೆಗಳು ಬಡಾವಣೆಗಳಾದವು. ಬಡಾವಣೆಯ ಮಕ್ಕಳು ಸಂಜೆಯ ಹೊತ್ತು ಬಿಳಿಯ ಅಂಗಿ ತೊಟ್ಟು ಕರಾಟೆ ಕಲಿಯಹೋಗುತ್ತಾರೆ. ಅಲ್ಲಿಯೂ ಪಾದರಕ್ಷೆ ಹೊರಗೆ, ಉಗುರು ಗಿಡ್ಡ, ಅಂಗಿ ಶುಭ್ರ; ಒಳಬರುವಾಗ ಒಮ್ಮೆ, ಜೊತೆಗಾರನ ಮುಂದೆ ಒಮ್ಮೆ ನಡುಬಾಗಿ ವಂದನೆ. ಜಿಗೊರೊ ಕಾನೊ ಎಂಬ ಜಪಾನಿನ ಉಪಾಧ್ಯಾಯರು 1882ರಲ್ಲಿ ತೋಕಿಯೋದಲ್ಲಿ ಕೊಡೊಕನ್ ಶಾಲೆಯನ್ನು ತೆರೆದು ಜೂಡೊವನ್ನು ರೂಪಿಸಿದಾಗ, ಅದರ ಪಟ್ಟುಗಳಷ್ಟೇ ಅದರ ವಂದನೆಯನ್ನೂ ಶಿಕ್ಷಣದ ಅಂಗವೆಂದು ಎಣಿಸಿದರು. ಅದು ನಮ್ಮ ಮಕ್ಕಳಿಗೆ ದೊರೆಯುತ್ತಿರುವುದು ಸಂತೋಷವೇ. ಮಗನು ಜಪಾನಿ ರೀತಿಯಲ್ಲಿ ಬಾಗಿದರೆ ಶಿಸ್ತು ಎಂದು ಹಿಗ್ಗುವ ತಂದೆಯೊಬ್ಬನು, ಅದೇ ಮಗನು ಗರಡಿಯ ಮಣ್ಣನ್ನು ಹಣೆಗೊತ್ತಿಕೊಂಡರೆ ಹಳ್ಳಿಗುಗ್ಗುತನವೆಂದು ಮೂಗು ಮುರಿಯುವುದು ಮಾತ್ರ ನನಗೆ ಅರ್ಥವಾಗದ ಸಂಗತಿ.

ಆದುದರಿಂದ ಮೊದಲೆತ್ತಿದ ಪ್ರಶ್ನೆಗೆ ನನ್ನ ಉತ್ತರವಿದು: ಗರಡಿಯ ಶೌಚವು ಯೋಗಿಯ ಶೌಚಕ್ಕಿಂತ ಕೀಳಾದುದಲ್ಲ, ಗೃಹಸ್ಥನಾಗಿ ಜನರ ನಡುವೆ ಬಾಳಬೇಕಾದವನಿಗೆ ಅದೇ ಹೆಚ್ಚು ಉಪಯುಕ್ತವಾದ ಧರ್ಮವೂ ಹೌದು. ಆ ಧರ್ಮವು ಪೂರ್ಣವಾಗಬೇಕಾದರೆ ಕೆಲವು ಲೌಕಿಕ ಕೆಲಸಗಳು ನಡೆಯಬೇಕಾಗಿವೆ. ಮೈತೊಳೆಯದೆ ಬರಬೇಡವೆಂದು ಹೇಳುವ ಗರಡಿಗೆ ಮೈತೊಳೆಯುವಷ್ಟು ನೀರನ್ನಾದರೂ ನಮ್ಮ ಪುರಸಭೆ ಪಂಚಾಯಿತಿಗಳು ಒದಗಿಸಲಿ. ಹಳಸಿದ ಮಣ್ಣನ್ನು ಕಾಲಕಾಲಕ್ಕೆ ತೆಗೆಸಿ ಹೊಸದನ್ನು ತುಂಬಿಸುವ ವೆಚ್ಚವು ಒಂದು ಕಮಾನು ಕಟ್ಟಿಸುವ ವೆಚ್ಚಕ್ಕಿಂತ ಬಹಳ ಕಡಿಮೆ. ಮೈಸೂರಿನ ದಸರೆಯಲ್ಲಿ ಹೆಣ್ಣುಮಕ್ಕಳೂ ಕುಸ್ತಿಯಾಡಿ ದಸರಾ ಕಿಶೋರಿ ಎಂಬ ಬಿರುದನ್ನು ಗೆಲ್ಲುತ್ತಿದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಗರಡಿಗಳ ಹಿರಿಯರು, ಬರುವ ಆಯುಧಪೂಜೆಗೆ ಮೊದಲು, ತಮ್ಮ ಬಾಗಿಲನ್ನು ಊರಿನ ಎಲ್ಲ ಕೇರಿಗಳ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತೆರೆಯಬೇಕೆಂದು ಕೇಳಿಕೊಳ್ಳುತ್ತೇನೆ.